ಹೋಗಿ ಬರ್ತೀನಿ ಎನ್ನದೆ ಎದ್ದ ವರ್ಷಗಳು

ಹೋದ ವಾರ ನಮ್ಮ ಓಣಿಯ ಇಬ್ಬರು ತರುಣರು ಮನೆಗೆ ಬಂದಿದ್ದರು. ಮುಂದಿನ ಪಾಲಿಕೆ ಚುನಾವಣೆಗೆ ನಿಲ್ಲುವ ಹುರುಪು. ಅದರಲ್ಲೊಬ್ಬ ಆಗಲೇ ಬಿಳಿ ಅಂಗಿ ಹೊಲಿಸಿಕೊಂಡಿದ್ದ. "ಕಾಕಾ, ನೀವು ಭಾಳ ವರ್ಷ ಕಾರ್ಪೊರೇಟರ್ ಇದ್ದವರು. ನಮಗ ನಾಕ್ ಮಾತು ಹೇಳ್ರಿ" ಅಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಬ್ಬನಿಗೆ ಫೋನು ಬಂತು. ಇನ್ನೊಬ್ಬ ನನ್ನ ಪಕ್ಕಕ್ಕೆ ಬಂದು ನಿಂತು ಫೋಟೋ ಹೊಡೆದುಕೊಂಡ. ಕಾಲಿಗೆ ಬಿದ್ದರು, ಹೋದರು. ಹೇಳಬೇಕೆಂದಿದ್ದ ಮಾತು ಬಾಯಲ್ಲೇ ಉಳಿಯಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಓದುತ್ತಾರೋ ಇಲ್ಲವೋ ಅವರ ಪಾಡು.

ನಾನು ಯಾವ ಸಮಿತಿಗೆ ಅಧ್ಯಕ್ಷನಾದೆ, ಮೇಯರ್ ಆಗುವುದು ಹೇಗೆ ತಪ್ಪಿತು ಎನ್ನುವುದನ್ನೆಲ್ಲ ಬಿಡುತ್ತೇನೆ. ಅದನ್ನು ನಾನೇ ಸಾಕಷ್ಟು ಭಾಷಣದಲ್ಲಿ ಹೇಳಿ ಜನರ ತಲೆ ತಿಂದಿದ್ದೇನೆ. ಯಾರೂ ನಿಮಗೆ ಹೇಳದ ಸಂಗತಿ ಬೇರೆ ಇದೆ. ಈ ಉದ್ಯೋಗಕ್ಕೆ ಬಂದ ದಿನದಿಂದ ನಿಮಗೆ ನಮಸ್ಕಾರ ಹೇಳುವವರು ಹೆಚ್ಚಾಗುತ್ತಾರೆ, ನಿಮ್ಮ ಜೊತೆ ಮಾತಾಡುವವರು ಕಡಿಮೆಯಾಗುತ್ತಾರೆ. ನನಗೆ ಮನಸ್ಸು ಬಿಚ್ಚಿ ಮಾತಾಡಲು ಊರಲ್ಲಿ ಒಬ್ಬನೇ ಇದ್ದ. ಪ್ರತಿ ಚುನಾವಣೆಯಲ್ಲೂ ನನ್ನ ವಿರುದ್ಧ ನಿಂತವನು ಅವನೇ.

ಹೆಸರು ಈರಣ್ಣ. ಅವನ ಅಪ್ಪನೂ ನನ್ನ ಅಪ್ಪನೂ ಹೆಬ್ಬಳ್ಳಿಯಿಂದ ಒಂದೇ ಕಾಲಕ್ಕೆ ಧಾರವಾಡಕ್ಕೆ ಬಂದವರು, ಕಾಳಿನ ವ್ಯಾಪಾರ ಮಾಡಿದವರು. ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆಮೇಲೆ ನಮ್ಮ ಪಕ್ಷದವರು ಈ ಓಣಿಯ ಒಬ್ಬ ಹುಡುಗ ಬೇಕೆಂದು ನನ್ನನ್ನು ಹಿಡಿದರು. ಹದಿನೈದು ದಿನ ಆಗಿರಲಿಲ್ಲ, ಎದುರು ಪಕ್ಷದವರು ಅದೇ ಓಣಿಯ, ಅದೇ ಸಮಾಜದ ಇನ್ನೊಬ್ಬ ಬೇಕೆಂದು ಈರಣ್ಣನ ಮನೆಗೆ ಹೋದರು. ಅವನು ನನ್ನನ್ನು ಕೇಳಲು ಬಂದ.

"ಚನ್ಯಾ, ನಿಲ್ಲಂತಾರ. ಏನ್ ಮಾಡ್ಲಿ?"

"ನಿಲ್ಲಲೇ. ಯಾರೋ ಗುರುತಿಲ್ಲದವನ ಕೈಯಾಗ ಸೋಲೂದಕ್ಕಿಂತ ನಿನ್ನ ಕೈಯಾಗ ಸೋಲೂದು ಛಲೋ."

"ನೀ ಯಾಕ ಸೋಲ್ತಿ ಮಗನ, ನಾ ಸೋಲ್ತೇನಿ" ಅಂದ. ಇಬ್ಬರೂ ನಕ್ಕೆವು. ಆಗ ನಮಗೆ ಏನೂ ತಿಳಿದಿರಲಿಲ್ಲ.

ಮೊದಲನೇ ವಾರವೇ ತಿಳಿಯಿತು. ಸುಭಾಸ ರಸ್ತೆಯ ಒಂದು ಹೋಟೆಲಿನಲ್ಲಿ ಇಬ್ಬರೂ ಕೂತು ಮಿರ್ಚಿ ಭಜಿ ತಿಂದೆವು. ಸಂಜೆಗೆ ನನ್ನ ಕಡೆಯ ಹುಡುಗರು ಮುಖ ಊದಿಸಿಕೊಂಡು ಬಂದರು. "ನೀವ್ ನೀವು ಒಂದ ಆದ್ರ, ನಾವ್ ಯಾಕ ಅವರ ಹುಡುಗ್ರ ಕೂಡ ಬಡದಾಡಬೇಕ್ರಿ?" ಅಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಅವನ ಕಡೆಯೂ ಅದೇ ರಾಮಾಯಣ. ಅಲ್ಲಿಗೆ ಹೋಟೆಲು ಬಿಟ್ಟೆವು. ಆಮೇಲೆ ಒಬ್ಬರ ಮನೆಗೆ ಒಬ್ಬರು ಹೋಗುವುದು ನಿಂತಿತು. ಒಂದೇ ಮದುವೆಗೆ ಹೋದರೆ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂತೆವು. ರಸ್ತೆಯಲ್ಲಿ ಎದುರಾದರೆ ಜನ ನೋಡುತ್ತಿದ್ದಾರೆಂದು ಕೈಮುಗಿದು ಮುಂದೆ ಹೋದೆವು.

ನಮ್ಮ ಪಕ್ಷದ ಹಿರಿಯರೊಬ್ಬರಿದ್ದರು. ನಾವೆಲ್ಲ ಸಾಹೇಬರು ಅನ್ನುತ್ತಿದ್ದೆವು. ಪುಸ್ತಕ ಓದಿದವರಲ್ಲ, ಸಿಟ್ಟಿನ ಮನುಷ್ಯ, ಆದರೆ ಈ ಉದ್ಯೋಗವನ್ನು ನನಗೆ ಕಲಿಸಿದವರು ಅವರೇ. ನಾನು ಗೆದ್ದ ದಿನ ಹೂವಿನ ಹಾರ ತೆಗೆಸಿ ಎದುರಿಗೆ ಕೂಡಿಸಿಕೊಂಡರು.

"ನೋಡಪಾ, ಮದುವಿ ಆಮಂತ್ರಣ ರಾಶಿ ಬರ್ತಾವು. ಒಂದೆರಡು ತಪ್ಪಿದ್ರ ಯಾರೂ ನೆನಪಿಡಂಗಿಲ್ಲ. ಆದ್ರ ಮಣ್ಣಿಗೆ ತಪ್ಪಿಸಿದೀ ಅಂದ್ರ ಆ ಮನಿ ನಿನಗ ತಪ್ಪಿತು. ಹೋಗು. ಹೋದ್ಮ್ಯಾಲ ನಿಂತು ಹೊಳ್ಳಿ ಬರಬ್ಯಾಡ, ನೆಲಕ್ಕ ಕೂಡು. ಎದ್ದು ಬರೂಮುಂದ ಹೋಗಿ ಬರ್ತೀನಿ ಅಂತ ಅನಬ್ಯಾಡ. ಸತ್ತ ಮನ್ಯಾಗ ಆ ಮಾತು ಆಡಬಾರದು. ಸುಮ್ನ ಎದ್ದು ಬಾ."

ಮಣ್ಣಿಗೆ ಹೋಗುವುದು ಅಂದರೆ ನಮ್ಮ ಕಡೆ ಶವಸಂಸ್ಕಾರಕ್ಕೆ ಹೋಗುವುದು. ಅವರು ಹೇಳಿದಂತೆಯೇ ಮಾಡಿದೆ. ಮೊದಲ ಸಾವಿನ ಸುದ್ದಿ ಬಂದ ಕೂಡಲೇ ಹೆಗಲಿಗೆ ಶಾಲು ಹಾಕಿಕೊಂಡು ಹೊರಟೆ. ಮನೆಯ ಮುಂದೆ ತಾಡಪತ್ರಿ ಹಾಸಿದ್ದರು. ಒಳಗೆ ಹಣೆತುಂಬ ವಿಭೂತಿ ಬಳಿದು ತೀರಿಕೊಂಡ ಹಿರಿಯರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು, ಭಜನೆ ನಡೆದಿತ್ತು. ನಾನು ಗೋಡೆಗೆ ಬೆನ್ನು ಕೊಟ್ಟು ನೆಲಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ಈರಣ್ಣ ಬಂದ. ಅವನ ಸಾಹೇಬರೂ ಅವನಿಗೆ ಇದೇ ಪಾಠ ಹೇಳಿರಬೇಕು. ಅಲ್ಲಿ ಖಾಲಿ ಇದ್ದದ್ದು ನನ್ನ ಪಕ್ಕದ ಜಾಗ ಒಂದೇ. ಬಂದು ಕೂತ. ನಮ್ಮ ಹುಡುಗರು ನೋಡಿದರು, ಅವನ ಹುಡುಗರೂ ನೋಡಿದರು. ಯಾರೂ ತುಟಿ ಪಿಟ್ಟೆನ್ನಲಿಲ್ಲ. ಸತ್ತ ಮನೆಯಲ್ಲಿ ಯಾರ ಪಕ್ಕ ಯಾರು ಕೂಡಬಾರದು ಅಂತ ಹೇಳುವ ಧೈರ್ಯ ಯಾರಿಗಿದೆ?

ಇಬ್ಬರೂ ಮುಂದೆ ನೋಡುತ್ತ ಕೂತಿದ್ದೆವು. ಅವನು ತುಟಿ ಅಲುಗಿಸದೆ ಕೇಳಿದ: "ಹೆಂಗದಿ?"

"ಅದೇನಿ. ನೀ?"

"ನಿನ್ನ ಬಿಟ್ರ ಎಲ್ಲಾರೂ ಮಾತಾಡಸ್ತಾರ."

ಅವತ್ತಿನಿಂದ ನಮ್ಮ ಗೆಳೆತನ ಸತ್ತವರ ಮನೆಯ ತಾಡಪತ್ರಿಯ ಮೇಲೆ ನಡೆಯಿತು. ಕೇಳಿದವರು ನಗಬಹುದು. ಆದರೆ ಒಂದು ವಾರ್ಡಿನಲ್ಲಿ ಸಾವು ಎಷ್ಟು ಬರುತ್ತವೆ ಎಂಬುದು ಕಾರ್ಪೊರೇಟರಿಗೆ ಮತ್ತು ಭಜನೆಯವರಿಗೆ ಮಾತ್ರ ಗೊತ್ತು. ಮಕ್ಕಳ ಶಾಲೆ, ಅವನ ಅಪ್ಪನ ಕಾಯಿಲೆ, ನನ್ನ ಸಕ್ಕರೆ ಕಾಯಿಲೆ, ಎಲ್ಲ ಅಲ್ಲೇ ಹೇಳಿಕೊಂಡೆವು. ಹೆಣ ಎತ್ತಿದ ಮೇಲೆ ಅವನೊಂದು ದಾರಿ, ನಾನೊಂದು ದಾರಿ. ಹೋಗಿ ಬರ್ತೀನಿ ಅನ್ನುವಂತಿರಲಿಲ್ಲ. ಮತ್ತೆ ಯಾವಾಗ ಸಿಗುತ್ತೇವೆ ಎಂದು ಕೇಳುವುದಂತೂ ದೂರದ ಮಾತು. ಕೇಳಿದರೆ ಯಾರೋ ಸಾಯಲಿ ಅಂದ ಹಾಗಾಗುತ್ತಿತ್ತು.

ನನ್ನ ಹೆಂಡತಿ ಶಾಂತಾಗೆ ಮಾತ್ರ ಇದೆಲ್ಲ ಗೊತ್ತಿತ್ತು. ಮಣ್ಣಿನಿಂದ ಬಂದವರು ಸ್ನಾನ ಮಾಡದೆ ಒಳಗೆ ಬರುವಂತಿಲ್ಲವಲ್ಲ, ಅವಳು ಹಂಡೆಯಲ್ಲಿ ನೀರು ಕಾಸಿಟ್ಟು ಹಿತ್ತಲ ಬಾಗಿಲಲ್ಲಿ ನಿಂತಿರುತ್ತಿದ್ದಳು. ಯಾರು ಹೋದರು, ಹೇಗೆ ಹೋದರು ಎಂದು ಕೇಳುತ್ತಿರಲಿಲ್ಲ. ಅವಳ ಪ್ರಶ್ನೆ ಒಂದೇ.

"ಈರಣ್ಣಾರು ಬಂದಿದ್ರೇನ್ರಿ?"

ಬಂದಿದ್ದ ಅಂದರೆ ಇನ್ನೊಂದು ತಂಬಿಗೆ ನೀರು ಹೆಚ್ಚಿಗೆ ಹಾಕುತ್ತಿದ್ದಳು.

ಈ ಉದ್ಯೋಗದಲ್ಲಿ ಅವಸರ ಮಾಡಿದರೆ ಎಂಥ ಫಜೀತಿ ಆಗುತ್ತದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಒಂದು ಮುಂಜಾನೆ ಶಿವಲಿಂಗಪ್ಪ ಮಾಸ್ತರರು ಹೋದರೆಂದು ಯಾರೋ ಫೋನು ಮಾಡಿದರು. ಈರಣ್ಣನಿಗಿಂತ ಮೊದಲು ಮುಟ್ಟಬೇಕೆಂದು ದೊಡ್ಡ ಮಾಲೆ ತೆಗೆದುಕೊಂಡು ಓಡಿದೆ. ಬಾಗಿಲು ಬಡಿದೆ. ತೆಗೆದವರು ಮಾಸ್ತರರೇ. ಕೈಯಲ್ಲಿ ಹಲ್ಲುಪುಡಿ. ಅವರು ಹಿಂದಿನ ದಿನ ಊರಿಗೆ ಹೋಗಿ ಬಂದಿದ್ದರಂತೆ, ಹೋದರು ಅಂದದ್ದನ್ನು ಕೇಳಿದವರು ಹೇಗೋ ಅರ್ಥ ಮಾಡಿಕೊಂಡಿದ್ದರು. ನನ್ನನ್ನೂ ಮಾಲೆಯನ್ನೂ ಮೇಲಿಂದ ಕೆಳಗೆ ನೋಡಿದರು.

"ಏನಪಾ ಚನ್ನಪ್ಪ, ನನಗ ಸನ್ಮಾನೇನು?"

"ಹ್ಞೂಂ ರೀ ಸರ್. ನಮಗೆಲ್ಲಾ ಕಲಿಸಿದವರು..." ಅಂತ ನಾಲಿಗೆ ತೊದಲಿತು. ಅಷ್ಟರಲ್ಲಿ ಹಿಂದಿನಿಂದ ಈರಣ್ಣ ಬಂದ. ಅವನ ಕೈಯಲ್ಲೂ ಮಾಲೆ!

ಮಾಸ್ತರರು ಇಬ್ಬರ ಕೈಯಿಂದಲೂ ಮಾಲೆ ಹಾಕಿಸಿಕೊಂಡರು. "ಈಗ ಹಾಕಿದ್ದು ಹಾಕೀರಿ, ಖರೇನ ಹೋದಾಗ ಮತ್ತ ತರಬ್ಯಾಡ್ರಿ" ಅಂದು ಚಹಾ ಕುಡಿಸಿ ಕಳಿಸಿದರು. ಮುಂದೆ ಅವರು ಹೋದಾಗ ನಾವಿಬ್ಬರೂ ಮಾತು ಉಳಿಸಿಕೊಂಡು ಬರಿಗೈಯಲ್ಲೇ ಹೋದೆವು. ಕಾರ್ಪೊರೇಟರಿಗೆ ಒಂದು ಮಾಲೆಗೂ ಗತಿಯಿಲ್ಲವೇ ಎಂದು ಜನ ಆಡಿಕೊಂಡರು. ಏನು ಹೇಳುವುದು?

ಮಾಸ್ತರರ ಮಣ್ಣಿನ ದಿನ ಜೋರು ಮಳೆ. ರುದ್ರಭೂಮಿಗೆ ಹೋಗುವ ದಾರಿ ಎರೆಮಣ್ಣಿನದು, ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಹೊತ್ತವರಲ್ಲಿ ಒಬ್ಬ ಜಾರಿದ, ಹೆಣ ಕೂಡಿಸಿದ್ದ ವಿಮಾನ, ಅಂದರೆ ಖುರ್ಚಿಯಂಥ ಚಟ್ಟ, ವಾಲಿತು. ಕೂತಿದ್ದ ಮಾಸ್ತರರು ಮುಂದಕ್ಕೆ ಬಾಗಿದರು. ನಾನೂ ಈರಣ್ಣನೂ ಎರಡೂ ಕಡೆಯಿಂದ ಹೆಗಲು ಕೊಟ್ಟು ಹಿಡಿದೆವು. ಆ ದಾರಿ ಮಾಡಿಸಿಕೊಡಿ ಎಂದು ನಾನು ಎಷ್ಟೋ ಸಲ ಅರ್ಜಿ ಕೊಟ್ಟು ಸೋತಿದ್ದೆ. ಮೈತುಂಬ ಕೆಸರು ಮಾಡಿಕೊಂಡು ಹೋಗುತ್ತಿದ್ದಾಗ ಈರಣ್ಣ ಪಿಸುಗುಟ್ಟಿದ.

"ಚನ್ಯಾ, ನೀ ಕೇಳಿದ್ರ ಆಗೂದಿಲ್ಲ. ನಾ ನಿನ್ನ ವಿರುದ್ಧ ಧರಣಿ ಕೂಡ್ತೇನಿ. ಪೇಪರಿನ್ಯಾಗ ಬಂದ್ರ ಆಫೀಸಿನವರು ಏಳ್ತಾರ."

"ಜೋರ್ ಕೂಡು. ಹುಡುಗಾಟಕಿ ಬ್ಯಾಡ" ಅಂದೆ.

ಕೂತ ನೋಡಿ, ಜೋರಾಗಿಯೇ ಕೂತ. ವಲಯ ಕಚೇರಿಯ ಮುಂದೆ ಶಾಮಿಯಾನ, ಮೈಕು. "ಚನ್ನಪ್ಪಗ ಧಿಕ್ಕಾರ! ಸತ್ತವರಿಗೂ ದಾರಿ ಕೊಡದ ಚನ್ನಪ್ಪಗ ಧಿಕ್ಕಾರ!" ನಾನು ಒಳಗೆ ಅಧಿಕಾರಿಯ ಎದುರು ಕೂತು, "ನೋಡ್ರಿ ಸಾಹೇಬ್ರ, ನನ್ನ ಮಾನಾ ಹೊಂಟೈತಿ" ಎಂದು ತಲೆ ಮೇಲೆ ಕೈಹೊತ್ತುಕೊಂಡೆ. ಕೆಲಸ ಮಂಜೂರಾಯಿತು. ಮುಂದಿನ ಸಾವಿನ ಮನೆಗೆ ಬಂದಾಗ ಅವನ ದನಿ ಪೂರ್ತಿ ಕೂತಿತ್ತು. ನಾನು ಜೇಬಿನಿಂದ ಲವಂಗ ತೆಗೆದು ಕೊಟ್ಟೆ.

"ಅಷ್ಟ್ಯಾಕ ಒದರಿದೆಲೇ?"

"ಸಾಲ್ಯಾಗ ನನ್ನ ಬರಿಯೂ ಪಾಟಿ ಒಡದಿದ್ದ್ಯಲ್ಲಾ, ಆ ಸಿಟ್ಟು ಇನ್ನೂ ಉಳದಿತ್ತು" ಅಂದ.

ಮುಂದಿನ ಚುನಾವಣೆಯಲ್ಲಿ ಅದೇ ದಾರಿ ಅವನನ್ನು ಗೆಲ್ಲಿಸಿತು. ಸ್ಮಶಾನದ ರಸ್ತೆ ಮಾಡಿಸಿದವನು ಈರಣ್ಣ ಎಂದು ಮನೆಮನೆಗೆ ಪ್ರಚಾರವಾಯಿತು. ನಾನು ಮನೆಯಲ್ಲಿ ಕೂತು ಹಲ್ಲು ಕಡಿದೆ. ಸುಳ್ಳು ಯಾಕೆ ಹೇಳಲಿ, ಎರಡು ತಿಂಗಳು ಅವನ ಮೇಲೆ ಉರಿದುಬಿದ್ದೆ. ಆಮೇಲೆ ಒಂದು ಮಣ್ಣಿನಲ್ಲಿ ಪಕ್ಕಕ್ಕೆ ಬಂದು ಕೂತ. "ಸೋತ ಮ್ಯಾಲ ನಿದ್ದಿ ಹತ್ತತೈತೇನು?" ಎಂದು ಕೇಳಿದ. ಊರಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ಸಿಟ್ಟು ಅಲ್ಲಿಗೇ ಇಳಿಯಿತು.

ಕಾಲ ಬದಲಾಯಿತು. ಮೊದಲು ಸಾವಿನ ಸುದ್ದಿಯನ್ನು ಒಬ್ಬ ಮನುಷ್ಯ ಬಂದು ಹೇಳುತ್ತಿದ್ದ. ಆಮೇಲೆ ಫೋನು, ಈಗ ವಾಟ್ಸಪ್ಪು. ಹೊಸ ನಾಯಕರು ಗ್ರೂಪಿನಲ್ಲಿ ಓಂ ಶಾಂತಿ ಹಾಕುತ್ತಾರೆ. ಬಂದರೆ ಫೋಟೋ ತೆಗೆಯುವವನ ಜೊತೆ ಬರುತ್ತಾರೆ, ಮಾಲೆ ಹಾಕಿ ನಿಂತ ಕಾಲಲ್ಲೇ ಹೊರಡುತ್ತಾರೆ. ಯಾರ ಬೆನ್ನೂ ಗೋಡೆಗೆ ಹತ್ತುವುದಿಲ್ಲ. ಅವರ ಕೈಯಲ್ಲಿದ್ದ ಅದೇ ಮೊಬೈಲು ನಮ್ಮ ಗೆಳೆತನಕ್ಕೆ ಮುಳುವಾಯಿತು.

ನೀಲವ್ವ ಅಂತ ತುಂಬು ವಯಸ್ಸಿನ ಮುದುಕಿ ತೀರಿಕೊಂಡಳು. ಸಣ್ಣವರಿದ್ದಾಗ ನಾವು ಅವಳ ಹಿತ್ತಲಿನ ಪೇರಲ ಗಿಡ ಹತ್ತಿ ಹಣ್ಣು ಕದ್ದವರು. ಒಮ್ಮೆ ಈರಣ್ಣ ಗಿಡದ ಮೇಲಿದ್ದಾಗಲೇ ಅವಳು ಕೆಳಗೆ ಹಾಸಿಗೆ ಹಾಕಿಕೊಂಡು ಮಲಗಿದ್ದಳು, ಸಂಜೆವರೆಗೆ ಇವನು ಇಳಿಯುವ ಹಾಗಿಲ್ಲ. ಮಣ್ಣಿನ ದಿನ ಅದನ್ನು ನೆನೆದು ಅವನು, "ಈಗರ ಇಳೀಲೇನವಾ?" ಎಂದು ನೀಲವ್ವನ ಕಡೆ ನೋಡಿ ಅಂದ. ನನಗೆ ನಗು ತಡೆಯಲಿಲ್ಲ. ಬಾಯಿಗೆ ಶಾಲು ಒತ್ತಿ ಹಿಡಿದೆ. ಅಷ್ಟರಲ್ಲಿ ಯಾರೋ ಫೋಟೋ ತೆಗೆದಿದ್ದರು.

ಚುನಾವಣೆ ಹತ್ತಿರವಿತ್ತು. ಸಂಜೆಯೊಳಗೆ ಆ ಫೋಟೋ ವಾರ್ಡಿನ ಎಲ್ಲ ಗ್ರೂಪುಗಳಲ್ಲಿ ತಿರುಗಿತು. ಒಳಒಪ್ಪಂದ ನೋಡ್ರಿ, ಹೆಣದ ಮುಂದ ನಗಾಕತ್ತಾರ ನೋಡ್ರಿ. ನೀಲವ್ವನ ಮೊಮ್ಮಕ್ಕಳು ನೊಂದುಕೊಂಡರು, ಹೋಗಿ ಕೈಮುಗಿದು ಬಂದೆ. ಅದಕ್ಕಿಂತ ಕಷ್ಟದ್ದು ದ್ಯಾಮಣ್ಣನ ಮುಖ. ದ್ಯಾಮಣ್ಣ ನನ್ನ ಕಡೆಯ ಮುಖ್ಯ ಕಾರ್ಯಕರ್ತ. ಪೋಸ್ಟರಿನ ಜಗಳದಲ್ಲಿ ಈರಣ್ಣನ ಹುಡುಗರಿಂದ ತಲೆ ಒಡೆಸಿಕೊಂಡು ಹೊಲಿಗೆ ಹಾಕಿಸಿಕೊಂಡವನು.

"ನಾ ತಲಿ ಒಡಿಸ್ಕೊಂಡಿದ್ದು ನಿಮ್ಮಿಬ್ಬರ ನಗಿ ನೋಡಾಕೇನ್ರಿ?" ಅಂದ.

"ಆತು ಬಿಡಪಾ. ಇನ್ ಮ್ಯಾಲ ಅವನ ಬಾಜೂಕ ಕೂಡೂದಿಲ್ಲ" ಎಂದು ಮಾತು ಕೊಟ್ಟೆ. ಈರಣ್ಣನೂ ತನ್ನವರಿಗೆ ಅದನ್ನೇ ಹೇಳಿರಬೇಕು. ಮುಂದಿನ ಸಾವಿನ ಮನೆಯಲ್ಲಿ ನಾನು ಗೋಡೆಗೆ ಕೂತಿದ್ದೆ, ಪಕ್ಕದ ಜಾಗ ಖಾಲಿ ಇತ್ತು. ಅವನು ಬಂದ, ನೋಡಿದ, ಚಪ್ಪಲಿ ಬಿಡುವ ಕಡೆ ಹೋಗಿ ತುದಿಗೆ ಕೂತ. ಅವತ್ತು ಹಿತ್ತಲ ಬಾಗಿಲಲ್ಲಿ ಶಾಂತಾ ಎಂದಿನಂತೆ ಕೇಳಿದಳು.

"ಬಂದಿದ್ದ" ಅಂದೆ. ನನ್ನ ಮುಖ ನೋಡಿ ಅವಳು ಹೆಚ್ಚಿನ ತಂಬಿಗೆಯ ನೀರನ್ನು ಹಂಡೆಗೇ ಸುರಿದಳು.

ಹಾಗೆಯೇ ವರ್ಷಗಳು ಹೋದವು. ನಾನು ಮತ್ತೆ ಗೆದ್ದಿದ್ದೆ, ಮನೆಯ ಮುಂದೆ ದಿನಾ ಜನ. ನಳ, ಗಟಾರ, ಬೀದಿದೀಪ, ಮಕ್ಕಳ ಶಾಲೆಯ ಸೀಟು. ಅಷ್ಟು ಜನರ ನಡುವೆ ಒಂದು ಮಾತು ಆಡಲು ಯಾರೂ ಇಲ್ಲವಲ್ಲ ಎಂದು ಎಷ್ಟೋ ಸಲ ಅನಿಸಿದೆ. ಅದನ್ನು ಹೇಳಿಕೊಳ್ಳುವುದಾದರೂ ಯಾರಿಗೆ?

ಆಮೇಲೆ ಶಾಂತಾ ಹೋದಳು. ಎದೆನೋವು ಅಂದಳು, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಈಗ ನನ್ನ ಮನೆಯ ಮುಂದೆಯೇ ತಾಡಪತ್ರಿ. ಅವಳನ್ನು ಒಳಗೆ ಕೂಡಿಸಿದ್ದರು. ನಾನು ಗೋಡೆಗೆ ಕೂತಿದ್ದೆ. ನನ್ನ ಪಕ್ಕ ಒಬ್ಬರಾದ ಮೇಲೆ ಒಬ್ಬರು ಬಂದು ಕೂತರು. ನಾಯಕರು, ಅಧಿಕಾರಿಗಳು, ಗುತ್ತಿಗೆದಾರರು. ಎಲ್ಲರೂ ಕೈ ಹಿಡಿದರು, ಧೈರ್ಯ ತಗೊಳ್ರಿ ಅಂದರು, ಎದ್ದು ಹೋದರು. ಒಬ್ಬರ ಮಾತೂ ನನ್ನ ಒಳಗೆ ಇಳಿಯಲಿಲ್ಲ. ಈರಣ್ಣ ಮುಂಜಾನೆಯೇ ಬಂದಿದ್ದ. ಚಪ್ಪಲಿಯ ರಾಶಿಯ ಹತ್ತಿರ ಕೂತವನು ಹೆಣ ಎತ್ತುವವರೆಗೂ ಏಳಲಿಲ್ಲ. ನಾನು ಅವನನ್ನು ಕರೆಯಬೇಕು ಅಂದುಕೊಂಡೆ. ದ್ಯಾಮಣ್ಣ ನನ್ನ ಭುಜ ಹಿಡಿದುಕೊಂಡು ಪಕ್ಕದಲ್ಲೇ ಇದ್ದ. ಕರೆಯಲಿಲ್ಲ. ರುದ್ರಭೂಮಿಯಲ್ಲಿ ಈರಣ್ಣ ಒಂದು ಹಿಡಿ ಮಣ್ಣು ಹಾಕಿದ, ಪದ್ಧತಿಯಂತೆ ಏನೂ ಹೇಳದೆ ಹೋದ.

ಮನೆಗೆ ಬಂದೆ. ಯಾರೋ ನೀರು ಕಾಸಿಟ್ಟಿದ್ದರು. ಹಿತ್ತಲ ಬಾಗಿಲಲ್ಲಿ, ಈರಣ್ಣಾರು ಬಂದಿದ್ರೇನ್ರಿ ಎಂದು ಕೇಳುವವಳು ಇರಲಿಲ್ಲ. ಬಚ್ಚಲಲ್ಲಿ ಕೂತು ಅತ್ತೆ. ಅಷ್ಟು ಹೊತ್ತು ಜನರ ಮುಂದೆ ಬಾರದ ಅಳು ಅಲ್ಲಿ ಬಂತು.

ಮುಂದಿನ ಸಲ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ನನಗೂ ಟಿಕೆಟ್ ಇಲ್ಲ, ಈರಣ್ಣನಿಗೂ ಇಲ್ಲ. ದ್ಯಾಮಣ್ಣನ ಹೆಂಡತಿಗೆ ಟಿಕೆಟ್ ಸಿಕ್ಕಿತು, ಅದೂ ಈರಣ್ಣನ ಪಕ್ಷದಿಂದ! ದ್ಯಾಮಣ್ಣ ಬಂದು ಕಾಲಿಗೆ ಬಿದ್ದು, "ತಪ್ಪು ತಿಳೀಬ್ಯಾಡ್ರಿ, ರಾಜಕೀಯದಾಗ ಇದೆಲ್ಲಾ ಇದ್ದದ್ದ" ಅಂದ. ಅವನ ತಲೆಯ ಮೇಲೆ ಹೊಲಿಗೆಯ ಗುರುತು ಹಾಗೇ ಇತ್ತು. ಒಳ್ಳೆಯದಾಗಲಿ ಅಂದೆ. ಅವನು ಹೋದ ಮೇಲೆ ನನ್ನನ್ನೇ ಕೇಳಿಕೊಂಡೆ. ಯಾರ ಸಲುವಾಗಿ ನಾನು ಈರಣ್ಣನ ಪಕ್ಕ ಕೂಡುವುದಿಲ್ಲವೆಂಬ ಆ ಮಾತು ಉಳಿಸಿಕೊಂಡು ಬಂದೆ? ಶಾಂತಾ ಹೋದ ದಿನವೂ ಉಳಿಸಿಕೊಂಡೆನಲ್ಲ!

ಮನೆಯ ಮುಂದಿನ ಜನ ಕರಗಿತು. ನಾನು ಮಾತ್ರ ಚಟ ಬಿಡದೆ ಮಣ್ಣಿಗೆ ಹೋಗುತ್ತಿದ್ದೆ. ಈಗ ಈರಣ್ಣನ ಪಕ್ಕ ಕೂಡಲು ಯಾರ ಹಂಗೂ ಇಲ್ಲವೆಂದು ಪಕ್ಕದ ಜಾಗಕ್ಕೆ ಶಾಲು ಹಾಸಿ ಕಾದೆ. ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ವಿಚಾರಿಸಿದರೆ, ಮಂಡಿ ಹೋಗಿವೆ, ನೆಲಕ್ಕೆ ಕೂಡಲು ಆಗುವುದಿಲ್ಲ, ಅದಕ್ಕೇ ಎಲ್ಲಿಗೂ ಬರುವುದಿಲ್ಲ ಅಂದರು. ಇನ್ನು ಅವನನ್ನು ನೋಡುವುದು ನನ್ನ ಮಣ್ಣಿಗೋ ಅವನ ಮಣ್ಣಿಗೋ ಎಂದು ಹೆದರಿಕೆಯಾಯಿತು. ಮರುದಿನವೇ ಶಾಲು ಹಾಕಿಕೊಂಡು ಓಣಿಯ ಆ ತುದಿಯಲ್ಲಿದ್ದ ಅವನ ಮನೆಗೆ ಹೋದೆ.

ಬಾಗಿಲು ತೆಗೆದವಳು ಅವನ ಹೆಂಡತಿ ಗೌರಕ್ಕ. ನನ್ನನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಶಿವನ! ಯಾರು ಹೋದ್ರು ರೀ ಅಣ್ಣಾರ?"

"ಯಾರೂ ಹೋಗಿಲ್ಲವಾ. ನಾ ಬಂದೇನಿ."

ಈರಣ್ಣ ಖುರ್ಚಿಯಲ್ಲಿ ಕೂತಿದ್ದ. ನಾನು ಎದುರು ಖುರ್ಚಿಯಲ್ಲಿ ಕೂತೆ. ಗೌರಕ್ಕ ಚಹಾ ತಂದಳು. ಮಂಡಿ ಹೆಂಗದಾವು ಅಂದೆ, ಅದಾವು ಅಂದ. ಸಕ್ಕರಿ ಹೆಂಗೈತಿ ಅಂದ, ಐತಿ ಅಂದೆ. ಹೊರಗೆ ಬಿಸಿಲು ಭಾಳ ಅಂದೆವು. ಇಷ್ಟು ವರ್ಷ ಮಗ್ಗುಲಲ್ಲಿ ಕೂತವನ ಒಂದು ಕಿವಿ, ಒಂದು ಕೆನ್ನೆ ನನಗೆ ಚೆನ್ನಾಗಿ ಗೊತ್ತು. ಎದುರಿಗೆ ಕೂತ ಈ ಮುದುಕ ಯಾರೋ ಬೇರೆಯವನಂತೆ ಕಂಡ. ಅವನಿಗೂ ಹಾಗೇ ಆಗಿರಬೇಕು, ಚಹಾದ ಬಸಿಯನ್ನೇ ತಿರುಗಿಸುತ್ತಿದ್ದ. ತಡ ಮಾಡಿ ಬಂದೆ, ಎಲ್ಲ ಮುಗಿದಿದೆ ಅನಿಸಿತು.

ಅವನು ಬಸಿ ಕೆಳಗಿಟ್ಟ. "ಗೌರಿ, ಒಂದು ಜಮಖಾನಿ ತಾ."

"ಯಾಕ್ರಿ? ಡಾಕ್ಟರು ನೆಲಕ್ಕ ಕೂಡಬ್ಯಾಡ ಅಂದಾರ."

"ಡಾಕ್ಟರ್‌ಗೆ ಏನ್ ಗೊತ್ತೈತಿ? ತಾ."

ಗೋಡೆಗೆ ಹಚ್ಚಿ ಹಾಸಿಸಿದ. ನನ್ನ ಭುಜ ಹಿಡಿದು, ಹಲ್ಲು ಕಚ್ಚಿ, ಒಂದೊಂದೇ ಕಾಲು ಮಡಚಿ ಕೂತ. ನಾನು ಪಕ್ಕಕ್ಕೆ ಕೂತೆ. ಇಬ್ಬರೂ ಮುಂದೆ ನೋಡಿದೆವು. ಎದುರಿಗೆ ಟಿವಿ ಬಿಟ್ಟರೆ ಏನೂ ಇರಲಿಲ್ಲ.

"ಹೆಂಗದಿ?" ಅಂದ, ತುಟಿ ಅಲುಗಿಸದೆ.

"ಅದೇನಿ" ಅಂದೆ. ಆಮೇಲೆ ಮಾತು ಬಂತು ನೋಡಿ, ಎಲ್ಲಿತ್ತೋ ಏನೋ. ನೀಲವ್ವ, ಮಾಸ್ತರರ ಮಾಲೆ, ದ್ಯಾಮಣ್ಣನ ಹೆಂಡತಿಯ ಭಾಷಣ. ನಡುವೆ ಅವನು ಶಾಂತಾ ಹೋದ ದಿನದ ಮಾತು ತೆಗೆದ.

"ಅವತ್ತು ನಿನ್ನ ಬಾಜೂಕ ಬರಬೇಕಾಗಿತ್ತಪಾ. ಭಾಳ ಅನ್ನಿಸ್ತು. ಕಾಲು ಏಳಲಿಲ್ಲ."

"ನಾನೂ ಕರೀಲಿಲ್ಲ ಬಿಡು" ಅಂದೆ. "ಪ್ರತಿ ಸಲ ಮಣ್ಣಿಂದ ಮನಿಗೆ ಹೋದ್ರ ಶಾಂತಾ ಕೇಳ್ತಿದ್ಲು, ಈರಣ್ಣಾರು ಬಂದಿದ್ರೇನು ಅಂತ."

ಅವನು ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ನಾನೂ ಒರೆಸಿಕೊಂಡೆ. ಗೌರಕ್ಕ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಬಿಸಿಲು ಇಳಿದಿತ್ತು. ನಾನು ಎದ್ದೆ, ಶಾಲು ಕೊಡವಿ ಹೆಗಲಿಗೆ ಹಾಕಿದೆ, ಚಪ್ಪಲಿ ಮೆಟ್ಟಿ ಏನೂ ಹೇಳದೆ ಹೊರಟೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ ಕೂಗಿದ. ಧರಣಿಯಲ್ಲಿ ಕೂಗಿದಷ್ಟೇ ಜೋರು.

"ಏ ಚನ್ಯಾ! ಇದು ಸತ್ತ ಮನಿ ಅಲ್ಲಲೇ. ಹೇಳಿ ಹೋಗು."

ಹೊಳ್ಳಿ ನಿಂತೆ. ಅವನು ನೆಲದ ಮೇಲೆಯೇ ಗೋಡೆಗೆ ಆನಿಕೊಂಡು ಕೂತಿದ್ದ, ಪಕ್ಕದ ಜಾಗದ ಮೇಲೆ ಕೈ ಇಟ್ಟುಕೊಂಡಿದ್ದ.

"ಹೋಗಿ ಬರ್ತೀನೋ ಈರ್ಯಾ" ಅಂದೆ.